ಗೋಲಿನ ಮುಂದೆ ನಿಂತವನ ದಿನಚರ್ಯೆ

ಕಳೆದ ಶ್ರಾವಣದಲ್ಲಿ ಶ್ರೀಮಠದ ಪ್ರವಚನ ಮುಗಿಸಿ, ಪ್ರಸಾದ ಸ್ವೀಕರಿಸಿ ಹೊರಬರುತ್ತಿದ್ದ ನಮ್ಮನ್ನು ವೃದ್ಧ ತಾಯಿಯೊಬ್ಬರು ತಡೆದು ನಿಲ್ಲಿಸಿದರು. ಅವರ ಪಕ್ಕದಲ್ಲಿ ಹದಿನಾಲ್ಕು ವರ್ಷದ ಮೊಮ್ಮಗ. ಕೆನಡಾ ದೇಶದ ಟೊರೊಂಟೊ ಬಳಿ ಹುಟ್ಟಿ ಬೆಳೆದವನು, ರಜೆಗೆಂದು ಬಂದಿದ್ದನು. ಅಲ್ಲಿ ಅವನು ಐಸ್ ಹಾಕಿ ಆಡುತ್ತಾನೆ, ಗೋಲು ಕಾಯುವವನು.

"ಡಾಕ್ಟರ್ರೀ, ಈ ಹುಡುಗಂಗ ಸ್ವಲ್ಪ ಬುದ್ಧಿ ಹೇಳ್ರಿ. ಆಟದ ದಿನ ಎಡಗಾಲಿನ ಪ್ಯಾಡ್ ಮೊದಲ ಕಟ್ಟಬೇಕಂತ. ತಪ್ಪಿ ಬಲಗಾಲಿಂದು ಮೊದಲ ಕಟ್ಟಿದ್ರ ಎಲ್ಲಾ ಬಿಚ್ಚಿ ಮತ್ತ ಕಟ್ಟತಾನಂತ. ಗೋಲಿನ ಕಂಬ ಮುಟ್ಟಿ ಮುಟ್ಟಿ ನೋಡತಾನಂತ. ಶರಣರ ಮನಿಯಾಗ ಹುಟ್ಟಿ ಇಂಥಾ ಶಕುನ ನಂಬತಾರೇನ್ರಿ?"

ಹುಡುಗ ನಕ್ಕನು. "ನೀನೂ ದಿನಾ ಪೂಜಾ ಒಂದೇ ಥರ ಮಾಡ್ತೀಯಲ್ಲ ಅಜ್ಜಿ" ಎಂದನು.

ತಾಯಿಯವರು ನಮ್ಮ ಮುಖ ನೋಡಿದರು. ನಾವು ಏನೋ ಒಂದು ಸಮಾಧಾನ ಹೇಳಿ ಕಳುಹಿಸಿದೆವಾದರೂ ಅಜ್ಜಿಯ ಪ್ರಶ್ನೆಯೂ ಮೊಮ್ಮಗನ ಉತ್ತರವೂ ನಮ್ಮನ್ನು ಬಿಡಲಿಲ್ಲ. ಬಾರಾ ಮುಹೂರ್ತ, ತಿಥಿ, ಶಕುನಗಳನ್ನು ಶರಣರು ನಿರಾಕರಿಸಿದರೆಂಬುದು ಸದ್ಭಕ್ತರೆಲ್ಲರಿಗೂ ತಿಳಿದ ವಿಷಯ. ಅದೇ ಶರಣರು ನಿತ್ಯನಿಯಮವನ್ನು ಬಿಡಲಿಲ್ಲ. ಹಾಗಾದರೆ ನಿಯಮವೆಲ್ಲಿ ಮುಗಿಯುತ್ತದೆ, ಮೂಢನಂಬಿಕೆ ಎಲ್ಲಿ ತೊಡಗುತ್ತದೆ, ಮತ್ತು ವೈದ್ಯನಾದವನು ಚಿಂತಿಸಬೇಕಾದ ರೋಗ ಎಲ್ಲಿ ಕಾಲಿಡುತ್ತದೆ? ಈ ಮೂರನ್ನೂ ಒಂದೇ ಕಡೆ ನೋಡಬೇಕೆಂದರೆ ಐಸ್ ಹಾಕಿಯ ಗೋಲ್‌ಕೀಪರನಷ್ಟು ಒಳ್ಳೆಯ ಉದಾಹರಣೆ ಬೇರೊಂದು ಸಿಗಲಾರದೆಂದು, ಓದುತ್ತ ಹೋದಂತೆ ನಮಗೆ ಮನದಟ್ಟಾಯಿತು.

ನಮ್ಮವರಿಗೆ ಹಾಕಿಯೆಂದರೆ ಕೊಡಗಿನವರು ಹುಲ್ಲಿನ ಮೇಲೆ ಆಡುವ ಹಾಕಿ. ಇದು ಬೇರೆ. ಮಂಜುಗಡ್ಡೆಯ ನೆಲದ ಮೇಲೆ, ಕಾಲಿಗೆ ಉಕ್ಕಿನ ಅಲಗಿರುವ ಸ್ಕೇಟ್ ಕಟ್ಟಿಕೊಂಡು ಆಡುವ ಆಟ. ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆಯಿರುತ್ತದೆ, ಅದಕ್ಕೆ ಪಕ್ ಎನ್ನುತ್ತಾರೆ. ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ, 156ರಿಂದ 170 ಗ್ರಾಂ ತೂಕ. ಪುಟಿಯದಿರಲೆಂದು ಆಟಕ್ಕೆ ಮುನ್ನ ಅದನ್ನು ಹೆಪ್ಪುಗಟ್ಟಿಸಿ ಇಡುತ್ತಾರೆ. ಬಲಿಷ್ಠ ಆಟಗಾರನು ಹೊಡೆದರೆ ಅದು ಗಂಟೆಗೆ 160 ಕಿಲೋಮೀಟರನ್ನೂ ಮೀರಿದ ವೇಗದಲ್ಲಿ ಬರುತ್ತದೆ. ಹತ್ತು ಮೀಟರ್ ದೂರದಿಂದ ಹೊಡೆದ ಪಕ್ ಗೋಲು ತಲುಪಲು ಕಾಲು ಸೆಕೆಂಡು ಕೂಡ ಬೇಡ. ಉಳಿದ ಆಟಗಾರರು ಸುಮಾರು ಮುಕ್ಕಾಲು ನಿಮಿಷಕ್ಕೊಮ್ಮೆ ಹೊರಗೆ ಹೋಗಿ ಬೆಂಚಿನ ಮೇಲೆ ಕುಳಿತು ಉಸಿರು ತೆಗೆದುಕೊಳ್ಳುತ್ತಾರೆ. ಇಪ್ಪತ್ತು ನಿಮಿಷದ ಮೂರು ಅವಧಿಗಳುದ್ದಕ್ಕೂ ನಿಂತೇ ಇರುವವನು ಗೋಲು ಕಾಯುವವನೊಬ್ಬನೇ. ಅವನು ತಪ್ಪಿದರೆ ಅವನ ಬೆನ್ನ ಹಿಂದೆ ಕೆಂಪು ದೀಪ ಹೊತ್ತುತ್ತದೆ, ಸಾವಿರಾರು ಜನ ಕೂಗುತ್ತಾರೆ. ಇಂಥ ಕಾಯಕದಲ್ಲಿ ನಿಂತವನ ಮನಸ್ಸು ಯಾವುದನ್ನಾದರೂ ಹಿಡಿದುಕೊಳ್ಳದೆ ಹೇಗಿದ್ದೀತು?

ಗ್ಲೆನ್ ಹಾಲ್ ಎಂಬವರ ಕಥೆ ವೈದ್ಯರ ಗಮನ ಸೆಳೆಯುವಂಥದು. ಕೆನಡಾದ ಸಸ್ಕಾಚವಾನ್ ಪ್ರಾಂತದಲ್ಲಿ 1931ರಲ್ಲಿ ಹುಟ್ಟಿದ ಇವರು ಡೆಟ್ರಾಯಿಟ್ ಹಾಗೂ ಶಿಕಾಗೊ ತಂಡಗಳಿಗೆ ಆಡಿದರು. 1955ರಿಂದ 1962ರ ನವೆಂಬರ್‌ವರೆಗೆ, ಲೀಗಿನ 502 ಪಂದ್ಯಗಳನ್ನು ಒಂದನ್ನೂ ತಪ್ಪಿಸದೆ, ಅದೂ ಮುಖಕ್ಕೆ ಯಾವ ರಕ್ಷೆಯೂ ಇಲ್ಲದೆ ಆಡಿದವರು. ಕೊನೆಗೆ ಬೆನ್ನು ನೋವು ಅವರನ್ನು ಕೂರಿಸಿತು. ಇಷ್ಟು ಗಟ್ಟಿ ಮನುಷ್ಯ ಪ್ರತಿ ಪಂದ್ಯಕ್ಕೂ ಮುನ್ನ ವಾಂತಿ ಮಾಡಿಕೊಳ್ಳುತ್ತಿದ್ದರು! ವಾಂತಿಯಾದ ಮೇಲೆ ಒಂದು ಲೋಟ ಕಿತ್ತಳೆ ರಸ ಕುಡಿದು ಕಣಕ್ಕಿಳಿಯುತ್ತಿದ್ದರು. ವಾಂತಿಯಾದ ದಿನವೇ ತಾವು ಹೆಚ್ಚು ಚೆನ್ನಾಗಿ ಆಡುವುದೆಂದು ಅವರೇ ನಂಬಿದ್ದರು.

ಇದು ಅವರ ಹೊಟ್ಟೆಯ ರೋಗವಲ್ಲ. ಭಯವು ವಾತವನ್ನು ಕೆರಳಿಸುತ್ತದೆಂದು ಆಯುರ್ವೇದ ಹೇಳುತ್ತದೆ. ಚರಕ ಸಂಹಿತೆಯಲ್ಲಿ ಅತಿಸಾರದ ಆರು ಬಗೆಗಳನ್ನು ಎಣಿಸುವಾಗ ಭಯದಿಂದ ಬರುವ ಅತಿಸಾರವನ್ನೂ ಶೋಕದಿಂದ ಬರುವ ಅತಿಸಾರವನ್ನೂ ಬೇರೆಯಾಗಿಯೇ ಹೆಸರಿಸಿದ್ದಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬೆಳಿಗ್ಗೆ ನಾಲ್ಕು ಸಲ ಶೌಚಕ್ಕೆ ಓಡುವ ಮಕ್ಕಳನ್ನು ಕಂಡ ಯಾವ ತಾಯಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹೊಟ್ಟೆಗೂ ಮಿದುಳಿಗೂ ನಡುವೆ ನರಗಳ ನೇರ ಸಂಬಂಧವಿದೆಯೆಂದು ಇಂದಿನ ವೈದ್ಯಶಾಸ್ತ್ರವೂ ತೋರಿಸಿಕೊಟ್ಟಿದೆ. ತಾನಾಗಿ ಬಂದ ವಾಂತಿಯ ವೇಗವನ್ನು ಬಲವಂತವಾಗಿ ತಡೆಯಬಾರದೆಂಬುದು ನಮ್ಮ ಶಾಸ್ತ್ರದ ಮಾತು. ತಡೆಯಬಾರದ ಹದಿಮೂರು ವೇಗಗಳಲ್ಲಿ ಅದೂ ಒಂದು. ಆದರೆ ಈ ಮಾತನ್ನು ಓದಿ ಯಾರೂ ಬೆರಳು ಹಾಕಿ ವಾಂತಿ ಮಾಡಿಕೊಳ್ಳಲು ಹೊರಡಬಾರದು. ಬರುವುದನ್ನು ತಡೆಯದಿರುವುದು ಬೇರೆ, ಬಾರದ್ದನ್ನು ಬರಿಸುವುದು ಬೇರೆ. ಪದೇ ಪದೇ ವಾಂತಿಯಾದರೆ ಹುಳಿರಸ ತಾಗಿ ಹಲ್ಲಿನ ಮೇಲ್ಪದರ ಸವೆಯುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ಏರುಪೇರಾಗಬಹುದು.

ಆಟದ ದಿನ ಇವರ ವೇಳಾಪಟ್ಟಿ ಹೇಗಿರುತ್ತದೆಂದು ನೋಡಿದರೆ ನಮ್ಮ ದಿನಚರ್ಯಾ ಅಧ್ಯಾಯವೇ ನೆನಪಾಗುತ್ತದೆ. ಪಂದ್ಯ ಸಾಮಾನ್ಯವಾಗಿ ಸಂಜೆ ಏಳರ ಸುಮಾರಿಗೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಕಣಕ್ಕೆ ಹೋಗಿ ಸ್ವಲ್ಪವೇ ಹೊತ್ತು ಹಗುರವಾದ ಅಭ್ಯಾಸ. ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂಬ ವಾಗ್ಭಟಾಚಾರ್ಯರ ಸೂತ್ರ ಅವರಿಗೆ ತಿಳಿಯದು, ಪಾಲಿಸುವುದು ಮಾತ್ರ ಅದನ್ನೇ. ನಂತರ ಮಧ್ಯಾಹ್ನದ ಊಟ. ಹಿಂದಿನ ಕಾಲದಲ್ಲಿ ಮಾಂಸದ ದೊಡ್ಡ ತುಂಡು ತಿನ್ನುತ್ತಿದ್ದರು. ಈಗ ಗೋಧಿಯ ಪಾಸ್ತಾದಂಥ ಹಿಟ್ಟಿನ ಪದಾರ್ಥಗಳೇ ಹೆಚ್ಚು. ಅವರ ಆಹಾರ ನಮ್ಮ ಆಹಾರವಲ್ಲ, ಬಿಡಿ. ಗಮನಿಸಬೇಕಾದುದು ಹೊತ್ತು. ದುಡಿಮೆಗೆ ಐದಾರು ಗಂಟೆ ಮೊದಲೇ ಮುಖ್ಯ ಊಟ ಮುಗಿದಿರುತ್ತದೆ. ನಮ್ಮಲ್ಲಿ ಪರೀಕ್ಷೆಗೆ ಹೊರಟ ಮಗುವನ್ನು ಬಾಗಿಲಲ್ಲಿ ನಿಲ್ಲಿಸಿ, ಬೇಡ ಬೇಡವೆಂದರೂ ಇನ್ನೆರಡು ಹೋಳಿಗೆ ತಿನ್ನಿಸುವ ತಾಯಂದಿರಿದ್ದಾರೆ. ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಗಾಳಿಗೆ ಬಿಡಬೇಕೆಂಬುದನ್ನು ಆ ತಾಯಂದಿರು ಅಂದಾದರೂ ನೆನೆಯಲಿ.

ಊಟದ ನಂತರ ಇವರು ಒಂದೆರಡು ಗಂಟೆ ನಿದ್ರಿಸುತ್ತಾರೆ. ಈ ನಿದ್ರೆ ಅವರಲ್ಲಿ ಬಹುತೇಕ ವ್ರತದಂತೆ. ಮನೆಯವರು ಅಷ್ಟು ಹೊತ್ತು ಸದ್ದು ಮಾಡುವಂತಿಲ್ಲ. ಇಲ್ಲಿ ನಮ್ಮ ಒಪ್ಪಿಗೆ ಅರ್ಧ ಮಾತ್ರ. ಹಗಲು ನಿದ್ರೆ ಕಫವನ್ನು ಹೆಚ್ಚಿಸುವುದೆಂದು ಶಾಸ್ತ್ರ ಹೇಳುತ್ತದೆ. ಗ್ರೀಷ್ಮ ಋತುವಿನಲ್ಲಿ ಎಲ್ಲರಿಗೂ, ಮಿಕ್ಕ ಕಾಲದಲ್ಲಿ ಬಾಲಕರು, ವೃದ್ಧರು, ದಣಿದವರು, ರಾತ್ರಿ ಎಚ್ಚರವಿದ್ದವರು ಇಂಥವರಿಗೆ ಮಾತ್ರ ಅನುಮತಿಯಿದೆ. ರಾತ್ರಿ ಎಚ್ಚರವಿದ್ದವನು ಕಳೆದುಕೊಂಡ ನಿದ್ರೆಯ ಅರ್ಧದಷ್ಟನ್ನು ಮರುದಿನ ಬೆಳಿಗ್ಗೆ, ಉಣ್ಣುವ ಮೊದಲೇ ಮಲಗಿ ತುಂಬಿಕೊಳ್ಳಬೇಕು. ರಾತ್ರಿ ಪಾಳಿಯ ನೌಕರರು, ಜಾತ್ರೆಯ ಸೇವೆಯಲ್ಲಿ ರಾತ್ರಿಯಿಡೀ ನಿಂತ ಭಕ್ತರು ಈ ಕ್ರಮವನ್ನು ಅನುಸರಿಸಲಿ. ಉಂಡು ಮಲಗುವ ಕ್ರೀಡಾಪಟುವಿಗೆ ಅದು ಒಗ್ಗಿದ್ದರೆ ಅವನ ಅಗ್ನಿ ತೀಕ್ಷ್ಣವಾಗಿದೆಯೆಂದು ತಿಳಿಯಬೇಕು, ಮಧುಮೇಹವಿರುವ ಐವತ್ತರ ವರ್ತಕರು ಅವನನ್ನು ಅನುಸರಿಸಬಾರದು.

ಪಂದ್ಯಕ್ಕೆ ಎರಡು ಮೂರು ಗಂಟೆ ಮುಂಚೆ ಕಣಕ್ಕೆ ಬಂದು, ಕೋಲಿಗೆ ಪಟ್ಟಿ ಸುತ್ತಿಕೊಂಡು, ಗೋಡೆಗೆ ಸಣ್ಣ ಚೆಂಡು ಎಸೆದು ಹಿಡಿದು ಕಣ್ಣನ್ನೂ ಕೈಯನ್ನೂ ಎಚ್ಚರಿಸಿ, ಅಂಗಾಂಗ ಸಡಿಲಿಸಿಕೊಂಡು, ಗೊತ್ತಾದ ಕ್ರಮದಲ್ಲಿ ಒಂದೊಂದೇ ಕವಚ ತೊಡುತ್ತಾರೆ. ಮಂಜಿನ ಮೇಲೆ ಬಂದೊಡನೆ ಗೋಲಿನ ಮುಂದಿನ ನೆಲವನ್ನು ಸ್ಕೇಟಿನ ಅಲಗಿನಿಂದ ಅತ್ತಿಂದಿತ್ತ ಕೆರೆಯುತ್ತಾರೆ. ಕಂಡವರಿಗೆ ಏನೋ ಮಾಟವೆನ್ನಿಸಬೇಕು. ನಿಜವೆಂದರೆ ಹೊಸದಾಗಿ ನೀರುಣಿಸಿ ನಯಗೊಳಿಸಿದ ಮಂಜು ಕನ್ನಡಿಯಂತೆ ಜಾರುತ್ತದೆ. ಕೆರೆದರೆ ಕಾಲಿಗೆ ಹಿಡಿತ ಸಿಗುತ್ತದೆ. ಕಂಬಗಳನ್ನು ಕೋಲಿನಿಂದ ತಟ್ಟುವುದೂ ಹಾಗೆಯೇ. ಗೋಲು ಅವರ ಬೆನ್ನ ಹಿಂದಿದೆ, ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ತಿರುಗಿ ನೋಡಲು ಸಮಯವಿಲ್ಲ. ತಟ್ಟಿದಾಗ ತಾನೆಲ್ಲಿ ನಿಂತಿದ್ದೇನೆಂಬುದು ತಿಳಿಯುತ್ತದೆ. ಕುರುಡರ ಕೈಗೋಲಿನಂತೆ. ನಮ್ಮ ಅಜ್ಜಿಯವರು ಶಕುನವೆಂದು ಭಾವಿಸಿದ ಎರಡರಲ್ಲಿ ಒಂದು ಹೀಗೆ ವೃತ್ತಿಯ ಅಂಗವೇ ಆಗಿತ್ತು.

ಎಲ್ಲಕ್ಕೂ ಇಂಥ ಕಾರಣವುಂಟೆಂದು ನಾವು ಹೇಳಲಾರೆವು. ಮಾಂಟ್ರಿಯಲ್ ತಂಡದ ಪ್ಯಾಟ್ರಿಕ್ ರುವಾ ಗೋಲಿನ ಕಂಬಗಳೊಡನೆ ಮಾತನಾಡುತ್ತಿದ್ದರು, ಅವು ತನ್ನ ಗೆಳೆಯರೆಂದು ಹೇಳಿಕೊಂಡಿದ್ದರು. ಕಣದ ಮೇಲೆ ಬಳಿದ ಕೆಂಪು ನೀಲಿ ಗೆರೆಗಳನ್ನು ಮುಟ್ಟದೆ ದಾಟುತ್ತಿದ್ದರು. 1993ರಲ್ಲಿ ಅವರ ತಂಡ ಸ್ಟ್ಯಾನ್ಲಿ ಕಪ್ ಗೆದ್ದಾಗ ಹೆಚ್ಚುವರಿ ಅವಧಿಗೆ ಹೋದ ಪಂದ್ಯಗಳಲ್ಲಿ ಹತ್ತನ್ನು ಸಾಲಾಗಿ ಗೆದ್ದಿತು. ಗೆರೆ ದಾಟಿದ್ದರಿಂದ ಗೆದ್ದರೆನ್ನೋಣವೇ? ಅದೇ ಗೆರೆಗಳನ್ನು ಅಷ್ಟೇ ಎಚ್ಚರದಿಂದ ದಾಟಿ ಸೋತ ದಿನಗಳೂ ಅವರಿಗೆ ಬೇಕಾದಷ್ಟಿವೆ. ಆದರೂ ಗೊತ್ತಿರುವ ಕೆಲಸವನ್ನು ಗೊತ್ತಿರುವ ಕ್ರಮದಲ್ಲಿ ಮಾಡುವಾಗ ಉಸಿರು ನಿಧಾನವಾಗುತ್ತದೆ, ನಾಡಿ ಇಳಿಯುತ್ತದೆ. ಇದನ್ನು ನಾವು ರೋಗಿಗಳ ಕೈಹಿಡಿದು ಕಂಡಿದ್ದೇವೆ.

ಜಾಕ್ ಪ್ಲಾಂಟ್ ಎಂಬವರ ರೀತಿ ನಮಗೆ ಇನ್ನೂ ಮೆಚ್ಚುಗೆಯಾಯಿತು. ಅವರಿಗೆ ಬಾಲ್ಯದಿಂದಲೇ ಉಬ್ಬಸ, ನಮ್ಮ ಶಾಸ್ತ್ರದ ತಮಕ ಶ್ವಾಸ. ಓಡಾಟ ಹೆಚ್ಚಾದರೆ ಉಸಿರು ಸಿಕ್ಕಿಕೊಳ್ಳುತ್ತಿದ್ದುದರಿಂದಲೇ ಗೋಲು ಕಾಯಲು ನಿಂತವರು. ಮನಸ್ಸಿನ ಬಿಗುಹು ಕಳೆಯಲು ಅವರು ಉಣ್ಣೆ ಹೆಣೆಯುತ್ತಿದ್ದರು. ತಮ್ಮ ಟೊಪ್ಪಿಗೆಗಳನ್ನೂ ಒಳಂಗಿಗಳನ್ನೂ ತಾವೇ ಹೆಣೆದುಕೊಳ್ಳುತ್ತಿದ್ದರು. ಜೊತೆಯವರು ನಕ್ಕಿರಬಹುದು. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಪಕ್ ಬಡಿದು ಮುಖ ಸೀಳಿತು. ಹೊಲಿಗೆ ಹಾಕಿಸಿಕೊಂಡು ಬಂದವರು, ಮುಖವಾಡವಿಲ್ಲದೆ ಇನ್ನು ನಿಲ್ಲುವುದಿಲ್ಲವೆಂದರು. ತರಬೇತುದಾರರಿಗೆ ಅದು ಇಷ್ಟವಿರಲಿಲ್ಲ. ಅಂದು ಆ ಪಂದ್ಯ ಗೆದ್ದ ತಂಡ ಮುಂದೆ ಬಹಳ ದಿನ ಸೋಲಲಿಲ್ಲ. ಮುಖವಾಡ ಹೇಡಿಯ ಲಕ್ಷಣವೆಂಬ ಆಗಿನ ನಂಬಿಕೆಯೇ ನಿಜವಾದ ಮೂಢನಂಬಿಕೆಯಾಗಿತ್ತು.

ವಾಷಿಂಗ್ಟನ್ ತಂಡಕ್ಕೆ 2018ರ ಕಪ್ ಗೆಲ್ಲಲು ನೆರವಾದ ಬ್ರೇಡನ್ ಹೋಲ್ಟ್‌ಬಿ, ಆಟ ನಿಂತಾಗಲೆಲ್ಲ ಬಾಟಲಿಯಿಂದ ನೀರನ್ನು ಗಾಳಿಗೆ ಚಿಮ್ಮಿಸಿ, ಅದರಲ್ಲಿ ಒಂದೇ ಹನಿಯನ್ನು ಆರಿಸಿ ಅದು ಬೀಳುವವರೆಗೆ ದೃಷ್ಟಿಯಿಂದ ಹಿಂಬಾಲಿಸುತ್ತಿದ್ದರು. ಹಿಂದೆ ಬಿಟ್ಟ ಗೋಲನ್ನು ಮರೆತು ಕಣ್ಣು ಮತ್ತೆ ಒಂದೆಡೆ ನಿಲ್ಲಲು ಇದು ಅಭ್ಯಾಸ. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಅನಿಮಿಷ ದೃಷ್ಟಿಯಿಂದ ನೋಡುವ ಸಾಧನೆ ಬಲ್ಲ ನಮ್ಮ ಓದುಗರಿಗೆ ಕಣ್ಣು ನಿಂತರೆ ಮನ ನಿಲ್ಲುತ್ತದೆಂಬುದು ಹೊಸತಲ್ಲ. ನೀರಿನ ಹನಿಯನ್ನೂ ಲಿಂಗವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅವಿವೇಕ ನಮ್ಮದಲ್ಲ. ಒಂದು ಆಟದ ಉಪಾಯ, ಇನ್ನೊಂದು ಅರಿವಿನ ದಾರಿ. ದೇಹದಲ್ಲಿ ನಡೆಯುವ ಕ್ರಿಯೆಯಷ್ಟೇ ಸಮಾನ.

ಇಷ್ಟರಲ್ಲೇ ಲೇಖನ ಮುಗಿಸಬಹುದಾಗಿತ್ತು. ಕೋರಿ ಹರ್ಷ್ ಎಂಬವರ ಬರಹದ ವಿಷಯ ತಿಳಿದ ಮೇಲೆ ಹಾಗಾಗಲಿಲ್ಲ. 1994ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕೆನಡಾಕ್ಕೆ ಬೆಳ್ಳಿ ತಂದ ತಂಡದ ಗೋಲ್‌ಕೀಪರ್ ಇವರು. 2017ರಲ್ಲಿ ಅವರು ತಮಗಿದ್ದ ಗೀಳು ರೋಗದ ಬಗ್ಗೆ ಬಹಿರಂಗವಾಗಿ ಬರೆದರು. ಬೇಡವೆಂದರೂ ಬಿಡದೆ ನುಗ್ಗುವ ಭಯಂಕರ ಯೋಚನೆಗಳು, ಅವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಪರೀಕ್ಷಿಸುವ ಒತ್ತಡ, ದಿನವಿಡೀ. ಯಾರಿಗೂ ಹೇಳಲಿಲ್ಲ. ಪ್ರಾಣ ಕಳೆದುಕೊಳ್ಳುವ ಅಂಚಿಗೂ ಹೋಗಿ ಬಂದರು. ಕೊನೆಗೆ ತಂಡದವರ ಬಳಿ ಬಾಯಿಬಿಟ್ಟು ತಜ್ಞರನ್ನು ಕಂಡಾಗ, ಈ ರೋಗಕ್ಕೆ ಒಂದು ಹೆಸರಿದೆ, ಚಿಕಿತ್ಸೆಯಿದೆ ಎಂಬುದು ಅವರಿಗೆ ತಿಳಿಯಿತು. ಗೋಲು ಕಾಯುವವರೆಲ್ಲ ಸ್ವಲ್ಪ ವಿಚಿತ್ರ ಸ್ವಭಾವದವರೆಂದು ಆ ಆಟದಲ್ಲಿ ನಗೆಯ ಮಾತಿದೆ. ಅಂಥ ನಗೆಯ ಹಿಂದೆ ಒಬ್ಬನ ಯಾತನೆ ಎಷ್ಟು ಸುಲಭವಾಗಿ ಅಡಗುತ್ತದೆ!

ಇದನ್ನು ಬರೆಯುವಾಗ ನಮ್ಮ ಕೈ ಸ್ವಲ್ಪ ತಡೆಯುತ್ತದೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಆಚಾರವಂತ ಕುಟುಂಬವೊಂದು ತಮ್ಮ ಮಗಳನ್ನು ನಮ್ಮಲ್ಲಿಗೆ ಕರೆತಂದಿತ್ತು. ಪಿಯುಸಿ ಓದುತ್ತಿದ್ದ ಹುಡುಗಿ. ಅಂಗೈ ಸಿಪ್ಪೆಯೆದ್ದು ಬಿರುಕು ಬಿಟ್ಟಿದೆ, ಅದಕ್ಕೆ ಎಣ್ಣೆ ಕೊಡಿ ಎಂದರು. ಕೈ ಯಾಕೆ ಹೀಗಾಯಿತೆಂದರೆ, ಪೂಜೆಗೆ ಮುನ್ನ ತೊಳೆಯುತ್ತಾಳೆ ಎಂದರು. ಪೂಜೆ ಎಷ್ಟು ಹೊತ್ತು? ಮೊದಲು ಅರ್ಧ ಗಂಟೆಯಿತ್ತು, ಈಗ ಮೂರು ಗಂಟೆ. ನಡುವೆ ಮನಸ್ಸು ಚಂಚಲವಾಯಿತೆನಿಸಿದರೆ ಮತ್ತೆ ಸ್ನಾನದಿಂದ ಪ್ರಾರಂಭ. ತಂದೆಯವರು ಇದನ್ನು ಹೆಮ್ಮೆಯಿಂದಲೇ ಹೇಳಿದರು. ನಾವೂ ಈ ವಯಸ್ಸಿನಲ್ಲಿ ಇಂಥ ನಿಷ್ಠೆ ಅಪರೂಪವೆಂದು ಹೊಗಳಿದೆವು, ಎಣ್ಣೆಯನ್ನೂ ಬ್ರಾಹ್ಮೀ ಘೃತವನ್ನೂ ಕೊಟ್ಟು ಕಳುಹಿಸಿದೆವು. ಆ ಹುಡುಗಿ ಒಂದು ಮಾತೂ ಆಡಲಿಲ್ಲ, ನೆಲ ನೋಡುತ್ತ ಕುಳಿತಿದ್ದಳು. ಅವಳ ಮುಖದಲ್ಲಿ ಪೂಜೆ ಮಾಡಿದವರ ಪ್ರಸನ್ನತೆ ಇರಲಿಲ್ಲವೆಂಬುದು ಅಂದೇ ನಮ್ಮ ಕಣ್ಣಿಗೆ ಬೀಳಬೇಕಾಗಿತ್ತು.

ಎರಡು ವರ್ಷದ ನಂತರ ಅವಳನ್ನು ಮತ್ತೆ ಕಂಡಾಗ ಪರೀಕ್ಷೆ ತಪ್ಪಿತ್ತು, ಮೈ ಇಳಿದಿತ್ತು, ಲಿಂಗವನ್ನು ಮುಟ್ಟಲೇ ಹೆದರುತ್ತಿದ್ದಳು. ಅಂದು ಅವಳನ್ನು ಧಾರವಾಡದ ಮನೋವೈದ್ಯರಲ್ಲಿಗೆ ಕಳುಹಿಸಿದೆವು. ಔಷಧಿಯ ಜೊತೆಗೆ, ತೊಳೆಯಬೇಕೆಂಬ ಒತ್ತಡ ಬಂದಾಗ ತೊಳೆಯದೆ ಕುಳಿತು ಆ ಭಯ ತಾನಾಗಿ ಇಳಿಯುವವರೆಗೆ ಕಾಯುವ ಅಭ್ಯಾಸವನ್ನು ಮೆಲ್ಲಮೆಲ್ಲನೆ ಮಾಡಿಸಿದರು. ಒಂದು ವರ್ಷ ಹಿಡಿಯಿತು. ಈಗ ಶಿಕ್ಷಕಿಯಾಗಿದ್ದಾರೆ, ದಿನಕ್ಕೆ ಇಪ್ಪತ್ತು ನಿಮಿಷ ಪೂಜೆ ಮಾಡುತ್ತಾರೆ. ಕಳೆದುಹೋದ ಆ ಎರಡು ವರ್ಷಗಳಲ್ಲಿ ನಮ್ಮ ಹೊಗಳಿಕೆಯ ಪಾಲೂ ಇದೆ.

ಚರಕ ಸಂಹಿತೆಯಲ್ಲಿ ಅಪಸ್ಮಾರ ಚಿಕಿತ್ಸೆಯ ಅಧ್ಯಾಯದ ಕೊನೆಯಲ್ಲಿ ಅತತ್ತ್ವಾಭಿನಿವೇಶವೆಂಬ ರೋಗವನ್ನು ಹೇಳಿದೆ. ಇಲ್ಲದ್ದನ್ನು ಇದೆಯೆಂದು ಬುದ್ಧಿ ಹಿಡಿದು ನಿಲ್ಲುವ ಸ್ಥಿತಿ. ಅದನ್ನು ಮಹಾಗದ, ಅಂದರೆ ದೊಡ್ಡ ರೋಗವೆಂದೇ ಕರೆದಿದ್ದಾರೆ. ಗೀಳು ರೋಗವನ್ನು ಅದರೊಡನೆ ಹೋಲಿಸುವ ವೈದ್ಯರು ನಮ್ಮಲ್ಲಿ ಹಲವರಿದ್ದಾರೆ. ಅಲ್ಲಿ ಔಷಧಿಯ ಜೊತೆಗೆ, ಹಿತವನ್ನು ಬಯಸುವ ಆಪ್ತ ಗೆಳೆಯರು ರೋಗಿಗೆ ಅರಿವು, ಧೈರ್ಯ, ಸ್ಮೃತಿಗಳನ್ನು ತುಂಬಬೇಕೆಂದು ಹೇಳಿರುವುದು ನಮಗೆ ಬಹಳ ಮುಖ್ಯವೆನಿಸುತ್ತದೆ. ಬೈಯುವುದಲ್ಲ, ಹೊಗಳುವುದೂ ಅಲ್ಲ.

ಮನೆಯವರು ಗುರುತಿಸುವುದು ಹೇಗೆ? ಮೊದಲು ಹೊತ್ತು ನೋಡಬೇಕು. ನಿಯಮವು ವರ್ಷಗಳು ಕಳೆದರೂ ಅಷ್ಟೇ ಇರುತ್ತದೆ, ಗೀಳು ತಿಂಗಳಿಂದ ತಿಂಗಳಿಗೆ ಬೆಳೆಯುತ್ತದೆ. ಗ್ಲೆನ್ ಹಾಲ್ ಕಿತ್ತಳೆ ರಸ ಕುಡಿದು ಆಡಲು ಹೋದರು. ಗೀಳು ಹಿಡಿದವನು ಆಟಕ್ಕೆ ಹೋಗಲಾಗದೆ ಸಿದ್ಧತೆಯಲ್ಲೇ ಉಳಿಯುತ್ತಾನೆ. ಒಂದು ದಿನ ತಪ್ಪಿದರೆ ಏನಾಗುತ್ತದೆಂದು ಕೇಳಿ ನೋಡಬೇಕು. ಸ್ವಲ್ಪ ಕಸಿವಿಸಿ ಎಂದರೆ ಚಿಂತೆಯಿಲ್ಲ. ಅಪ್ಪನಿಗೆ ಏನಾದರೂ ಆಗಿಬಿಡುತ್ತದೆ ಎಂದು ಮಗು ನಡುಗಿದರೆ ತಡ ಮಾಡಬಾರದು. ಮಾಡಿ ಮುಗಿಸಿದ ಮೇಲಿನ ಮುಖವನ್ನೂ ನೋಡಬೇಕು, ಅಂದು ನಾವು ನೋಡದೆ ಬಿಟ್ಟ ಮುಖವನ್ನು. ಇಂಥ ಸಂದರ್ಭದಲ್ಲಿ ನಮ್ಮ ಅಭ್ಯಂಗ, ಶಿರೋಧಾರೆ, ಘೃತಗಳು ನಿದ್ರೆಗೂ ನೆಮ್ಮದಿಗೂ ಸಹಾಯಕವಾಗಬಹುದು, ಆದರೆ ಅವನ್ನೇ ನಂಬಿ ಮನೋವೈದ್ಯರನ್ನು ಕಾಣದಿರುವುದು ತಪ್ಪು. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ನಮ್ಮಂಥವರ ಮಾತು ಕೇಳಿಯೂ ಅದನ್ನು ತಾವಾಗಿ ನಿಲ್ಲಿಸಬಾರದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಿವೆ. ಹೋಗಲು ಸಂಕೋಚವಾದರೆ ಕೇಂದ್ರ ಸರ್ಕಾರವು 2022ರಲ್ಲಿ ಪ್ರಾರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

ಆ ಹುಡುಗ ಊರಿಗೆ ಮರಳುವ ಮುನ್ನ ಅಜ್ಜಿಯವರೊಡನೆ ಮತ್ತೊಮ್ಮೆ ನಮ್ಮ ಚಿಕಿತ್ಸಾಲಯಕ್ಕೆ ಬಂದನು. ಎಡಗಾಲಿನ ಪ್ಯಾಡ್ ಮೊದಲು ಕಟ್ಟದ ದಿನ ಉಂಟೇ ಎಂದು ಕೇಳಿದೆವು. ಒಮ್ಮೆ ತಡವಾಗಿ ಹೋಗಿ ಅವಸರದಲ್ಲಿ ಬಲಗಾಲಿನದೇ ಮೊದಲಾಯಿತಂತೆ, ಬಿಚ್ಚಿ ಕಟ್ಟಲು ಹೊತ್ತಿರಲಿಲ್ಲವಂತೆ. ಐದು ಗೋಲು ಬಿಟ್ಟನಂತೆ. "ಮತ್ತೆ ಮುಂದಿನ ಪಂದ್ಯ?" ಎಂದೆವು. "ಎಡಗಾಲೇ ಮೊದಲು ಕಟ್ಟಿದೆ. ಏಳು ಬಿಟ್ಟೆ" ಎಂದು ಗಟ್ಟಿಯಾಗಿ ನಕ್ಕನು.

ಅಜ್ಜಿಯವರಿಗೂ ನಗು ಬಂದಿತು. ಚೀಲದಿಂದ ವಿಭೂತಿ ಗಟ್ಟಿಯೊಂದನ್ನು ತೆಗೆದು, ಆಟದ ದಿನ ಹಚ್ಚಿಕೊಂಡು ಹೋಗೆಂದು ಅವನ ಕೈಗಿತ್ತರು. ಆಮೇಲೆ ನಮ್ಮ ಕಡೆ ತಿರುಗಿ, "ಮುಖದ ಮ್ಯಾಲೆ ಅದೇನೋ ಜಾಳಗಿ ಹಾಕ್ಕೋತಾನಲ್ರೀ, ಬೆವತ್ರ ವಿಭೂತಿ ಕಣ್ಣಾಗ ಇಳದು ಉರಿಯೂದಿಲ್ಲೇನ್ರಿ?" ಎಂದು ಕೇಳಿದರು. ತೆಳುವಾಗಿ ಹಚ್ಚಿಕೊಳ್ಳಲಿ ಎಂದೆವು.